ಕಣ್ಣಳತೆ

ಹದಿನೇಳು ವರ್ಷ ಹೆರಿಗೆ ಮಾಡಿಸಿದವಳಿಗೆ ತಕ್ಕಡಿ ಯಾಕೆ ಎನ್ನುವ ಕೊಬ್ಬು ನನಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಿನ್ಕೆ ಹೆತ್ತದ್ದು ಲೇವಾರ್ಡನ್ ಊರಿನ ತನ್ನ ಮನೆಯಲ್ಲೇ. ಹಳೇ ಓಣಿ, ಮೇಲಿನ ಮಹಡಿ, ಏಣಿಯಷ್ಟು ಕಡಿದಾದ ಮೆಟ್ಟಿಲು. ಬೆಳಿಗ್ಗೆ ಹನ್ನೊಂದಕ್ಕೆ ಹೆಣ್ಣುಮಗು. ಮಾಸು ಇಡಿಯಾಗಿ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ. ಗರ್ಭಕೋಶ ಬಿಗಿಯಾಗಲು ಇಂಜೆಕ್ಷನ್ ಕೊಟ್ಟು ಹೊಟ್ಟೆ ತಿಕ್ಕುತ್ತಾ ಕೂತೆ.

ಬಾಣಂತನದ ಸಹಾಯಕ್ಕೆ ಬಂದಿದ್ದ ಟ್ರುಸ್ ನನಗಿಂತ ಹಿರಿಯಳು. ಅಡುಗೆಮನೆಯ ತಕ್ಕಡಿ ಹಿಡಿದು ಬಂದಳು. "ಹಿಲ್ಕೆ, ಅವಳ ಕೆಳಗಿನ ರಕ್ತದ ಪ್ಯಾಡೆಲ್ಲ ತೂಗಿಬಿಡೋಣ ಕಣೆ, ಎಷ್ಟು ಹೋಗಿದೆ ಗೊತ್ತಾಗುತ್ತೆ."

"ಬೇಡ. ಆರುನೂರು ಮಿಲಿ ಅಷ್ಟೇ. ನನ್ನ ಕಣ್ಣೇ ತಕ್ಕಡಿ."

"ನಿನ್ನ ಕಣ್ಣು ನಿನಗೆ ಬೇಕಾದ ಕಡೆಗೇ ವಾಲುತ್ತೆ."

"ಸುಮ್ನೆ ಗಾಬರಿ ಹುಟ್ಟಿಸಬೇಡ. ಆಸ್ಪತ್ರೆ ಬೇಡ ಅಂತ ಅವಳೇ ಬೇಡ್ಕೊಂಡಿದಾಳೆ."

ಅದು ನಿಜ. ಆದರೆ ಆ ವರ್ಷ ಒಬ್ಬಳನ್ನೂ ಆಸ್ಪತ್ರೆಗೆ ಸಾಗಿಸಿಲ್ಲವೆಂಬ ಜಂಬವೂ ನನಗಿತ್ತು.

ಇಪ್ಪತ್ತು ನಿಮಿಷದ ಮೇಲೆ ನಿನ್ಕೆಯ ತುಟಿ ಬಿಳಚಿಕೊಂಡಿತು. ಟ್ರುಸ್ ನನ್ನನ್ನು ಕೇಳದೆಯೇ ತೂಗಿದಳು. ಒಣ ಪ್ಯಾಡಿನ ತೂಕ ಕಳೆದರೂ ಒಂದೂವರೆ ಲೀಟರ್. ಆಗ ಫೋನ್ ಮಾಡಿದೆ, ಆಗ ಡ್ರಿಪ್ ಹಾಕಿದೆ. ಅಟ್ಟ ಮೇಲೆ ಒಲೆ ಉರಿಯಿತು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಆ ಮೆಟ್ಟಿಲಲ್ಲಿ ಮಲಗಿಸಿ ಇಳಿಸಲಾಗಲಿಲ್ಲ. ಅಗ್ನಿಶಾಮಕದವರು ಬಂದು ಕಿಟಕಿಯಿಂದ ಕ್ರೇನಿನಲ್ಲಿ ಇಳಿಸಿದರು. ಜೀವ ಉಳಿಯಿತು. ಗರ್ಭಕೋಶ ತೆಗೆಯಬೇಕಾಯಿತು. ನಿನ್ಕೆಗೆ ಇನ್ನೂ ಇಪ್ಪತ್ತಾರು.

ದಾಖಲೆಯಲ್ಲಿ 'ಇದ್ದಕ್ಕಿದ್ದಂತೆ ರಕ್ತಸ್ರಾವ' ಎಂದು ಬರೆದೆ. ಟ್ರುಸ್ ಅದನ್ನು ಓದಿ, ನನ್ನ ಮುಖ ನೋಡದೆ ಹೊರಟುಹೋದಳು.

ಹತ್ತನೇ ದಿನ, ಮನೆಗೆ ಮರಳಿದ್ದ ಬಾಣಂತಿಯನ್ನು ನೋಡಲು ಹೋದೆ. ಅವಳ ಗಂಡ ವೀಬೆ, ಮಗು ಹುಟ್ಟಿದ ಮನೆಯಲ್ಲಿ ಹಂಚುವ, ಗುಲಾಬಿ ಬಿಳಿ ಸೋಂಪಿನ ಮಿಠಾಯಿ ಉದುರಿಸಿದ ರಸ್ಕು ತಂದು ಮುಂದಿಟ್ಟ.

"ತಗೊಳ್ಳಿ ಹಿಲ್ಕೆ. ನೀವಿಲ್ದಿದ್ರೆ ಇವಳೆಲ್ಲಿ ಉಳೀತಿದ್ಲು! ಮಗೂಗೆ ನಿಮ್ಮ ಹೆಸರೇ ಇಟ್ಟಿದೀವಿ. ನಗರಸಭೆಯಲ್ಲಿ ಬರೆಸಿಯೂ ಆಯ್ತು."

ಕೈಗೆತ್ತಿಕೊಂಡ ರಸ್ಕನ್ನು ತಟ್ಟೆಗೇ ಹಾಕಿದೆ. ನಾಚಿಕೆಯಿಂದ ಮೈಯೆಲ್ಲ ಬೆಂದುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಜೀವ ಉಳಿಸಿದ ಪುಣ್ಯಾತ್ಗಿತ್ತಿಯಾಗಿಯೇ ಇರುತ್ತಿದ್ದೆ.

"ಇದ್ದಕ್ಕಿದ್ದಂಗೆ ಆಗಿದ್ದಲ್ಲ, ವೀಬೆ. ಟ್ರುಸ್ ತೂಗೋಣ ಅಂದ್ಲು, ನಾನು ಬೇಡ ಅಂದೆ. ಇಪ್ಪತ್ತು ನಿಮಿಷ ಮೊದ್ಲೇ ಫೋನ್ ಮಾಡ್ಬೇಕಿತ್ತು. ದಾಖಲೆಯಲ್ಲಿ ಸುಳ್ಳು ಬರೆದಿದೀನಿ. ಇವತ್ತೇ ಹೋಗಿ ಮೇಲಿನವರಿಗೆ ನಿಜ ಹೇಳ್ತೀನಿ."

ವೀಬೆ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡ.

ನಿನ್ಕೆ ಕೇಳಿದಳು, "ಮೊದ್ಲೇ ಮಾಡಿದ್ರೆ ಗರ್ಭಕೋಶ ಉಳೀತಿತ್ತಾ?"

"ಗೊತ್ತಿಲ್ಲ. ಉಳೀಬಹುದಿತ್ತು."

"ಹೆಸರು ಬದಲಾಯಿಸೋಣ ನಿನ್ಕೆ," ಎಂದ ವೀಬೆ.

"ಬೇಡ, ಇರ್ಲಿ." ಅವಳು ಮಗುವನ್ನು ಎದೆಗವಚಿಕೊಂಡು ನನ್ನತ್ತ ನೋಡಿದಳು. "ನಂಗೆ ಯಾಕೆ ತಂಗಿ ಇಲ್ಲ ಅಂತ ಇವಳು ಒಂದಿನ ಕೇಳ್ತಾಳೆ. ಅವತ್ತು ನೀವೇ ಬಂದು ಹೇಳ್ಬೇಕು."