ಶೇಷಾದ್ರಿಯ ಪ್ರಶ್ನೆಗೆ ಶೋಭನಾ ಬರೆದ ಚಿತ್ರ

ಚುನಾವಣೆಯ ದಿನ, ಭಾನುವಾರ ಸಂಜೆ ಐದರ ಹೊತ್ತಿಗೆ ಶೋಭನಾ ನೆಲಮಾಳಿಗೆಯ ತ್ವೆತ್‌ಸ್ತುಗಾದಲ್ಲಿ ಬಟ್ಟೆ ಒಗೆಯಲು ಹಾಕಿ ನಿಂತಿದ್ದಳು. ಇಡೀ ಕಟ್ಟಡಕ್ಕೆ ಇರುವುದು ಅದೊಂದೇ ಒಗೆಯುವ ಕೋಣೆ. ಎಷ್ಟೋ ದಿನ ಮೊದಲೇ ಸರದಿ ಹಿಡಿಯಬೇಕು. ತಪ್ಪಿಸಿಕೊಂಡರೆ ಮುಂದಿನ ಸರದಿಯವರೆಗೆ ಕೊಳೆ ಬಟ್ಟೆಯೇ ಗತಿ. ಸ್ವೀಡನ್ನಿನಲ್ಲಿ ಮದುವೆ ಬೇಕಾದರೆ ಮುಂದಕ್ಕೆ ಹೋಗುತ್ತದೆ, ಒಗೆಯುವ ಸರದಿ ಹೋಗುವುದಿಲ್ಲ. ಅಂಥ ಸರದಿಯನ್ನು ಅರ್ಧಕ್ಕೆ ಬಿಟ್ಟು ಅವಳು ಮೆಟ್ಟಿಲು ಹತ್ತಿ ಓಡಿದಳು ಎಂದರೆ ಕಾರಣ ಸಣ್ಣದಿರಲಿಲ್ಲ.

ಮೂರನೇ ಮಹಡಿಯ ಪಾರ್ವತಿ ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಅದರ ಕೆಳಗೆ ಹೀಗೆ ಬರೆದಿದ್ದಳು: "ಶೋಭನಾ, ಇದು ಎಸ್ಕಿಲ್‌ಸ್ಟುನಾ ಊರಿನ ಫ್ರೆಂಡ್ ಕಳಿಸಿದ್ದು. ಅವಳಿಗೆ ಉಮೆಯೊ ಊರಿಂದ ಬಂತಂತೆ. ನಾನು ಓಟಿನ ಕಾರ್ಡ್ ಹರಿದು ಹಾಕ್ಬಿಟ್ಟೆ. ಸದ್ಯ ಬಚಾವಾದೆ."

ಚಿತ್ರದಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಓಟಿನ ಪೆಟ್ಟಿಗೆಗೆ ಲಕೋಟೆ ಹಾಕುತ್ತಿದ್ದಾಳೆ. ಹಿಂದೆ ಅವಳ ಗಂಡ, ದಪ್ಪ ಮೀಸೆಯವನು, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಾನೆ. ಕುಕ್ಕರಿನ ಮುಚ್ಚಳ ಹಾರಿ ಚಾವಣಿಗೆ ಅಂಟಿಕೊಂಡಿದೆ. ಪಕ್ಕದಲ್ಲಿ ಸರ್ಕಾರದ ಅಧಿಕಾರಿಯೊಬ್ಬ ಆಳೆತ್ತರದ ಕತ್ತರಿ ಹಿಡಿದು ಭಾರತದ ಪಾಸ್‌ಪೋರ್ಟನ್ನು ಎರಡು ತುಂಡು ಮಾಡುತ್ತಿದ್ದಾನೆ. ಮೇಲೆ ಯಾರೋ ಕೆಂಪಕ್ಷರದಲ್ಲಿ, "ಎಚ್ಚರಿಕೆ, ಎಲ್ಲ ಕನ್ನಡಿಗರಿಗೂ ತಲುಪಿಸಿ" ಎಂದು ಸೇರಿಸಿದ್ದರು.

ಆ ಚಿತ್ರ ಶೋಭನಾಳೇ ಬರೆದದ್ದು.

ಹದಿನೈದು ದಿನದ ಹಿಂದೆ ಕನ್ನಡ ಕೂಟದವರು ಫಿಕಾಕ್ಕೆ ಸೇರಿದ್ದರು. ಎಲ್ಲರೂ ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ಹರಟುತ್ತಿದ್ದಾಗ ಪಾರ್ವತಿಯ ಗಂಡ ಶೇಷಾದ್ರಿ ಒಂದು ಪ್ರಶ್ನೆ ಕೇಳಿದ. "ನಮ್ದು ಇನ್ನೂ ಇಂಡಿಯನ್ ಪಾಸ್‌ಪೋರ್ಟು. ಆದ್ರೂ ಇಬ್ಬರಿಗೂ ಓಟಿನ ಕಾರ್ಡ್ ಬಂದಿದೆ. ಹಾಕಿದ್ರೆ ನಾಳೆ ಏನಾದ್ರೂ ಪ್ರಾಬ್ಲಮ್ ಆಗುತ್ತಾ?" ಯಾರೋ, "ಓಟು ಹಾಕಿ ಹೊರಗೆ ಬಂದ ತಕ್ಷಣ ಏರ್‌ಪೋರ್ಟಿಗೆ ಟ್ಯಾಕ್ಸಿ ರೆಡಿ ಇರುತ್ತೆ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶೇಷಾದ್ರಿಯೂ ನಕ್ಕ. ಆಮೇಲೆ ಮಾತು ಬೇರೆ ಕಡೆ ಹೋಯಿತು.

ಶೋಭನಾಗೆ ಚಿತ್ರ ಬರೆಯುವ ಹುಚ್ಚು. ಅಂದು ಸಂಜೆಯೇ ಬರೆದು ಕೂಟದ ಗ್ರೂಪಿಗೆ ಹಾಕಿದಳು. ಕೆಳಗೆ ಒಂದು ಸಾಲು ಬರೆದಿದ್ದಳು: "ಓಟಿನ ಹಿಂದಿನ ರಾತ್ರಿ ಒಬ್ಬ ಗಂಡನಿಗೆ ಬಿದ್ದ ಕೆಟ್ಟ ಕನಸು." ಹೆದರುಪುಕ್ಕಲರನ್ನು ಕಿಚಾಯಿಸಿ ಓಟಿಗೆ ಹೊರಡಿಸಬೇಕು ಎಂಬುದು ಅವಳ ಲೆಕ್ಕಾಚಾರ. ಆ ಸಾಲನ್ನು ದಾರಿಯಲ್ಲಿ ಯಾರೋ ಕತ್ತರಿಸಿದ್ದರು. ಸಾಲು ಹೋದ ಮೇಲೆ ಕನಸು ಕನಸಾಗಿ ಉಳಿಯಲಿಲ್ಲ, ಸುದ್ದಿಯಾಯಿತು.

ಪಾರ್ವತಿ ಮೂಲ ಚಿತ್ರ ನೋಡಿರಲಿಲ್ಲ. ಅಂದು ಅವಳಿಗೆ ವೃದ್ಧಾಶ್ರಮದಲ್ಲಿ ಶಿಫ್ಟ್ ಇತ್ತು, ಫಿಕಾಕ್ಕೆ ಬಂದಿರಲಿಲ್ಲ. ಇನ್ನು ಗ್ರೂಪು. ನಮ್ಮವರ ಪದ್ಧತಿ ಗೊತ್ತಲ್ಲ. ಕೂಟದ ಗ್ರೂಪಿಗೆ ಮನೆಗೊಂದು ನಂಬರು, ಅದು ಗಂಡನದು. ಹೆಂಗಸರಿಗೆ ಅಡುಗೆಯ ಗ್ರೂಪು ಬೇರೆ. ಸಮಿತಿಯಲ್ಲಿ ಇದ್ದಾಳೆಂದು ಶೋಭನಾಗೆ ಮಾತ್ರ ಎರಡರಲ್ಲೂ ಜಾಗ. ಓಟಿನ ಮಾತು ಒಂದು ಕಡೆ, ಓಟಿರುವ ಹೆಂಗಸರು ಇನ್ನೊಂದು ಕಡೆ. ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಮೆಟ್ಟಿಲಲ್ಲಿ ಅದಿತಿ ಎದುರಾದಳು. ಅದೇ ಕಟ್ಟಡದಲ್ಲಿ ಬಾಡಿಗೆ ಕೋಣೆ ಹಿಡಿದು, ದಿನವೂ ಬಸ್ಸಿನಲ್ಲಿ ಲಿಂಕೋಪಿಂಗ್‌ನ ವಿಶ್ವವಿದ್ಯಾಲಯಕ್ಕೆ ಹೋಗುವ ಸಂಶೋಧಕಿ. ಹೆಂಗಸರಿಗೆ ಓಟು ಬೇಕು, ಬೇಡ ಎಂದು ನೂರು ವರ್ಷದ ಹಿಂದೆ ಪತ್ರಿಕೆಗಳಲ್ಲಿ ಬಂದ ವ್ಯಂಗ್ಯಚಿತ್ರಗಳೇ ಅವಳ ಓದು.

"ಅದಿತಿ, ಇಂಡಿಯನ್ ಪಾಸ್‌ಪೋರ್ಟ್ ಇರೋರು ಇಲ್ಲಿ ಓಟು ಹಾಕ್ಬಹುದಾ?" ಶೋಭನಾ ಏದುಸಿರು ಬಿಡುತ್ತ ಕೇಳಿದಳು.

"ಕೊಮ್ಮೂನ್‌ಗೆ, ರೀಜನ್‌ಗೆ ಅಂದ್ರೆ ನಗರಸಭೆಗೆ, ಪ್ರಾಂತ್ಯಕ್ಕೆ ಹಾಕ್ಬಹುದು ಅಕ್ಕ. ಹದಿನೆಂಟು ತುಂಬಿರ್ಬೇಕು, ಓಟಿನ ದಿನಕ್ಕೆ ಮೂರು ವರ್ಷದಿಂದ ಬಿಡದೆ ಇಲ್ಲಿ ವಿಳಾಸ ರಿಜಿಸ್ಟರ್ ಆಗಿರ್ಬೇಕು. ಪಾರ್ಲಿಮೆಂಟಿಗೆ ಮಾತ್ರ ಇಲ್ಲ, ಅದು ಇಲ್ಲಿನ ಪ್ರಜೆಗಳಿಗೆ. ನಾನು ಬಂದು ಎರಡೇ ವರ್ಷ, ನಂಗೆ ಕಾರ್ಡೇ ಬಂದಿಲ್ಲ. ಯಾಕೆ?"

ಶೋಭನಾ ಫೋನು ತೋರಿಸಿದಳು. ಅದಿತಿ ಚಿತ್ರ ನೋಡಿ ನಗಲಿಲ್ಲ. ಗಡಿಯಾರ ನೋಡಿದಳು. "ಮತಗಟ್ಟೆ ಎಂಟಕ್ಕೆ ಮುಚ್ಚುತ್ತೆ. ಬನ್ನಿ."

ಶೋಭನಾ ಹದಿನಾಲ್ಕು ವರ್ಷದಿಂದ ಇಲ್ಲಿದ್ದಾಳೆ, ಪೌರತ್ವ ಸಿಕ್ಕಿದೆ, ಹೋದ ವಾರವೇ ಲೈಬ್ರರಿಯಲ್ಲಿ ಮುಂಗಡ ಓಟು ಹಾಕಿ ಬಂದಿದ್ದಾಳೆ. ಶೇಷಾದ್ರಿಯ ಪ್ರಶ್ನೆಗೆ ಉತ್ತರವೇನು ಎಂದು ಹುಡುಕಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಚಿತ್ರ ಬರೆಯಲು ಎರಡು ಗಂಟೆ ಕೂತಿದ್ದವಳು ಉತ್ತರಕ್ಕೆ ಎರಡು ನಿಮಿಷ ಕೊಟ್ಟಿರಲಿಲ್ಲ.

ಪಾರ್ವತಿ ಬಾಗಿಲು ತೆಗೆದಳು. ಒಳಗೆ ಶೇಷಾದ್ರಿ ಮೂರು ವರ್ಷದ ಮಗ ವಿವಾನ್‌ಗೆ ಮೊಸರನ್ನ ತಿನ್ನಿಸುತ್ತಿದ್ದ. ಶೋಭನಾಳನ್ನು ನೋಡಿ ತುತ್ತು ಕಲಸುವ ಕೈ ಒಂದು ಗಳಿಗೆ ನಿಂತಿತು.

"ಪಾರ್ವತಿ, ಆ ಚಿತ್ರ ಸುಳ್ಳು. ನೀವು ಓಟು ಹಾಕ್ಬಹುದು. ಏನೂ ಆಗಲ್ಲ," ಶೋಭನಾ ಹೇಳಿದಳು.

"ಸುಳ್ಳು ಅಂತ ನಿಮಗೆ ಹೆಂಗೆ ಗೊತ್ತು?"

"ಬರೆದಿದ್ದು ನಾನೇ."

ಪಾರ್ವತಿ ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ನಿಮಗೇನ್ರೀ, ಇಲ್ಲಿನ ಕೆಂಪು ಪಾಸ್‌ಪೋರ್ಟ್ ಇದೆ. ತಮಾಷೆ ಮಾಡ್ಬಹುದು. ನಮ್ಮ ಪರ್ಮನೆಂಟ್ ರೆಸಿಡೆನ್ಸ್ ಅರ್ಜಿ ಇನ್ನೂ ಅಲ್ಲೇ ಕೂತಿದೆ. ಪೋಸ್ಟ್ ಬಂದ್ರೆ ಒಡೆದು ನೋಡೋಕೂ ಧೈರ್ಯ ಬರಲ್ಲ ನಂಗೆ. ಆ ಕತ್ತರಿ ನೋಡಿ ನಿನ್ನೆ ನಿದ್ದೆ ಬರ್ಲಿಲ್ಲ."

ಅದಿತಿ ಚುನಾವಣಾ ಪ್ರಾಧಿಕಾರದ ವೆಬ್‌ಸೈಟ್ ತೆರೆದು ಫೋನನ್ನು ಪಾರ್ವತಿಯ ಕೈಗೆ ಕೊಟ್ಟಳು. "ಇಂಗ್ಲಿಷಲ್ಲೇ ಇದೆ, ನೀವೇ ಓದಿ ಅಕ್ಕ. ಹಕ್ಕು ಇರೋರಿಗೆ ಮಾತ್ರ ಕಾರ್ಡ್ ಕಳಿಸ್ತಾರೆ. ಕಾನೂನು ಕೊಟ್ಟಿರೋ ಹಕ್ಕು ಬಳಸಿದ್ದಕ್ಕೆ ಅರ್ಜಿ ತಿರಸ್ಕಾರ ಮಾಡೋ ಹಾಗಿಲ್ಲ. ಇಲ್ಲಿನ ಕೊಮ್ಮೂನ್‌ಗೆ ಓಟು ಹಾಕಿದ್ರೆ ಇಂಡಿಯಾದ ಪೌರತ್ವಾನೂ ಹೋಗಲ್ಲ."

ಪಾರ್ವತಿ ಓದಿದಳು. ಇನ್ನೊಂದು ಸಲ ಓದಿ ಗಂಡನ ಕಡೆ ನೋಡಿದಳು. "ರೀ, ಏನಂತೀರಿ?"

"ಬೇಡ," ಎಂದ ಶೇಷಾದ್ರಿ. "ಯಾಕೆ ಸುಮ್ನೆ ರಿಸ್ಕು. ನಮ್ಮ ಎರಡು ಓಟಿಂದ ಏನೂ ಬದಲಾಗಲ್ಲ."

"ಮಗು ಬಿಡೋ ಡಾಗಿಸ್ ಐದು ಗಂಟೆಗೆ ಮುಚ್ಚುತ್ತೆ, ನನ್ನ ಶಿಫ್ಟ್ ಆರಕ್ಕೆ ಮುಗಿಯುತ್ತೆ. ದಿನಾ ಬೈಕೊಳ್ಳೋದು ನೀವೇ ಅಲ್ವಾ. ಅದನ್ನ ತೀರ್ಮಾನ ಮಾಡೋದು ಇದೇ ಕೊಮ್ಮೂನ್‌ನವರು," ಎಂದಳು ಪಾರ್ವತಿ.

ಶೇಷಾದ್ರಿ ವಿವಾನ್‌ನ ಬಾಯಿ ಒರೆಸಿದ. ಅವನ ಹಟ ಶೋಭನಾಗೆ ಬಗೆಹರಿಯಲಿಲ್ಲ. ಭಯ ಇದ್ದವನು ಇಷ್ಟು ಹೇಳಿದ ಮೇಲೆ ಎರಡು ಪ್ರಶ್ನೆಯಾದರೂ ಕೇಳಬೇಕಲ್ಲ. ಇವನು ಮುಖ ತಿರುಗಿಸಿ ಕೂತಿದ್ದ. ಗಂಟೆ ಐದೂವರೆ.

ಅದಿತಿ ಅವನ ಎದುರು ಕೂತಳು. "ಸರ್, ಒಂದು ಹಳೇ ಪೋಸ್ಟ್‌ಕಾರ್ಡ್ ತೋರಿಸ್ಲಾ? ಹೆಂಗಸರಿಗೆ ಓಟು ಬೇಡ ಅಂದೋರು ಮಾಡ್ಸಿದ್ದು."

ಫೋನಿನಲ್ಲಿ ಮಾಸಿದ ಬಣ್ಣದ ಚಿತ್ರ. ನೆಲದ ಮೇಲೆ ಕೂತ ಗಂಡ, ತೊಡೆಯ ಮೇಲೆ ಕಿರುಚುವ ಎರಡು ಮಕ್ಕಳು, ಒಲೆಯ ಮೇಲೆ ಉಕ್ಕಿ ಹರಿದ ಹಾಲು. ಬಾಗಿಲಲ್ಲಿ ಹೆಂಡತಿ ಹ್ಯಾಟು ಹಾಕಿಕೊಂಡು ಓಟಿಗೆ ಹೊರಟಿದ್ದಾಳೆ.

ಶೋಭನಾ ಬಗ್ಗಿ ನೋಡಿ ದಂಗಾದಳು. ಹ್ಯಾಟಿನ ಬದಲು ಸೀರೆ, ಹಾಲಿನ ಬದಲು ಕುಕ್ಕರು. ಉಳಿದದ್ದೆಲ್ಲ ಅವಳದೇ ಚಿತ್ರ. "ನಾನು ಇದನ್ನ ಕಣ್ಣಲ್ಲೂ ನೋಡಿಲ್ಲ ಕಣೆ. ನಂದೇ ಐಡಿಯಾ ಅಂದ್ಕೊಂಡಿದ್ದೆ."

"ಎಲ್ಲರೂ ಹಾಗೇ ಅಂದ್ಕೋತಾರೆ ಅಕ್ಕ. ಓಟು ಹಾಕೋ ಹೆಂಗಸನ್ನ ಬರಿ ಅಂದ್ರೆ ಕೈ ತಾನಾಗಿ ಅಳೋ ಮಗು, ಉಕ್ಕೋ ಹಾಲು ಬರೆಯುತ್ತೆ. ಆಗ ಇದನ್ನ ನೋಡಿ ಹೆದರಿದ್ದು ಹೆಂಗಸರಲ್ಲ, ಗಂಡಸರು. ಹೆಂಗಸರಿಗೆ ಓಟು ಕೊಡಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ತಿದ್ದೋರು ಅವರೇ ತಾನೆ. ನಿಮ್ಮ ಗತಿ ಹೀಗಾಗುತ್ತೆ ನೋಡಿ ಅಂತ ಅವರಿಗೇ ತೋರಿಸ್ತಿದ್ರು."

"ಮತ್ತೆ ಓಟು ಬೇಕು ಅಂದೋರು? ಅವ್ರು ಒಳ್ಳೇ ಚಿತ್ರ ಬರೀತಿದ್ರಾ?" ಪಾರ್ವತಿ ಕೇಳಿದಳು.

"ಬರೀತಿದ್ರು. ಡಾಕ್ಟರ್, ಟೀಚರ್ ಆದ ಹೆಂಗಸು ಹೊರಗೆ, ಕುಡುಕ ಒಳಗೆ ಓಟು ಹಾಕ್ತಿರೋದು. ನ್ಯಾಯವಾದ ಮಾತೇ. ಆದ್ರೆ ಅವರಲ್ಲೂ ಕೆಲವರು ಬಡವರನ್ನ, ಹೊರಗಿಂದ ಬಂದೋರನ್ನ ಮೂತಿ ಸೊಟ್ಟ ಮಾಡಿ ಬರೆದು, ಇಂಥೋರಿಗೆ ಓಟಿದೆ ನಮಗಿಲ್ಲ ಅಂತಿದ್ರು. ತಮಗೆ ಓಟು ಬೇಕು ಅನ್ನೋಕೆ ಇನ್ನೊಬ್ಬರ ಮರ್ಯಾದೆ ತೆಗೆದ್ರು."

ಶೇಷಾದ್ರಿ ಮೊದಲ ಬಾರಿಗೆ ತಲೆಯೆತ್ತಿದ. "ಶೋಭನಾ ಅವ್ರೇ, ನಿಮ್ಮ ಚಿತ್ರದಲ್ಲಿರೋ ಮೀಸೆ ನಂದು ಅಲ್ವಾ?"

ಮೀಸೆ ಅವನದೇ. ಶೋಭನಾಗೆ ಬರೆಯುವಾಗಲೇ ಗೊತ್ತಿತ್ತು, ಗ್ರೂಪಿನಲ್ಲಿ ನಕ್ಕವರಿಗೂ ಗೊತ್ತಿತ್ತು.

"ಅದು ತಮಾಷೆ ಅಂತ ನನಗೆ ಅವತ್ತೇ ಗೊತ್ತಿತ್ತು. ಆದ್ರೆ ಉತ್ತರ ಗೊತ್ತಿರ್ಲಿಲ್ಲ. ಮೂವತ್ತು ಜನದ ಮುಂದೆ ನಿಜವಾಗಿ ಹೆದರಿ ಕೇಳಿದ್ದೆ. ಒಬ್ಬರೂ ಉತ್ತರ ಹೇಳ್ಲಿಲ್ಲ. ಸಂಜೆ ನೋಡಿದ್ರೆ ಫೋನ್ ತುಂಬಾ ನನ್ನ ಮೀಸೆ. ಇವಳಿಗೆ ಹೇಳೋಕೂ ನಾಚಿಕೆ ಆಯ್ತು. ಇನ್ನೊಂದು ಸಲ ಯಾರನ್ನ ಕೇಳಲಿ ಹೇಳಿ." ಅವನ ದನಿ ಏರಲಿಲ್ಲ. "ಎಂಟು ತಿಂಗಳು ರಜಾ ಹಾಕಿ ಈ ಮಗೂನ ನಾನೇ ನೋಡ್ಕೊಂಡಿದೀನಿ. ಒಂದು ದಿನಾನೂ ಹಾಲು ಉಕ್ಕಿಸಿಲ್ಲ."

"ತಪ್ಪಾಯ್ತು ಶೇಷಾದ್ರಿ ಅವ್ರೇ," ಎಂದಳು ಶೋಭನಾ. "ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನನಗೂ ಉತ್ತರ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ನಿಮ್ಮನ್ನ ಆಡಿಕೊಂಡೆ."

ಅಲ್ಲೇ ನಿಂತು ಅವಳು ಕೂಟದ ಗ್ರೂಪಿಗೂ ಅಡುಗೆಯ ಗ್ರೂಪಿಗೂ ಬರೆದಳು. ಚಿತ್ರ ಬರೆದವಳು ತಾನೇ, ಅದು ಸುದ್ದಿಯಲ್ಲ, ಕಾರ್ಡ್ ಬಂದವರೆಲ್ಲ ಇಂದು ಎಂಟರವರೆಗೆ ಓಟು ಹಾಕಬಹುದು, ದಯವಿಟ್ಟು ಬೇರೆ ಊರಿನವರಿಗೂ ತಿಳಿಸಿ ಎಂದು ಬರೆದು, ಶೇಷಾದ್ರಿಯ ಕ್ಷಮೆಯನ್ನೂ ಹೆಸರು ಹಿಡಿದೇ ಕೇಳಿದಳು. ಓದಿ ಶೇಷಾದ್ರಿ ಕೈ ತೊಳೆಯಲು ಎದ್ದ. ಬರುವಾಗ ಮಗನ ಜಾಕೆಟ್ ತಂದ.

"ಕಾರ್ಡ್ ಹರಿದು ಹಾಕಿದೀನಲ್ಲ," ಎಂದಳು ಪಾರ್ವತಿ. ಅವಳ ಮುಖದಲ್ಲಿ ಮತ್ತೆ ಗಾಬರಿ.

"ಇವತ್ತು ನಿಮ್ಮ ಮತಗಟ್ಟೆಯಲ್ಲೇ ಹಾಕಿದ್ರೆ ಕಾರ್ಡ್ ಬೇಡ ಅಕ್ಕ. ಪಟ್ಟಿಯಲ್ಲಿ ಹೆಸರಿರುತ್ತೆ. ಐಡಿ ಮಾತ್ರ ಮರೀಬೇಡಿ," ಎಂದಳು ಅದಿತಿ.

ಶಾಲೆಯ ಜಿಮ್ ಹಾಲಿನ ಹೊರಗೆ ಸಾಲು ಉದ್ದವಿತ್ತು. ಪಾರ್ವತಿ ಐಡಿ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಸಾಲು ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ, "ಏನೂ ಆಗಲ್ಲ ತಾನೆ?" ಎಂದು ಕೇಳುತ್ತಿದ್ದಳು. ಒಳಗೆ ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಅಭ್ಯಾಸದಂತೆ ಜೊತೆಯಾಗಿಯೇ ಮರೆಯ ಹಿಂದೆ ನಡೆದರು. ಅಲ್ಲಿದ್ದ ಅಧಿಕಾರಿ ಮೆಲ್ಲಗೆ ತಡೆದು, ಒಬ್ಬೊಬ್ಬರೇ ಹೋಗಬೇಕು ಎಂದಳು. ಪಾರ್ವತಿ ಗಂಡನ ಮುಖ ನೋಡಿದಳು. ಅವನು ಹಿಂದೆ ಸರಿದು ಮಗನ ಕೈ ಹಿಡಿದ. ಅವಳು ಒಬ್ಬಳೇ ಹೋದಳು.

ಬಹಳ ಹೊತ್ತು ಬರಲಿಲ್ಲ. ಶೋಭನಾ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಳು. ಕೊನೆಗೆ ಪಾರ್ವತಿ ಕೊಮ್ಮೂನಿಗೊಂದು, ರೀಜನ್ನಿಗೊಂದು ಎಂದು ಎರಡು ಲಕೋಟೆ ಹಿಡಿದು ಬಂದಳು. ಅಧಿಕಾರಿ ಐಡಿ ನೋಡಿ, ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕಿ, ಲಕೋಟೆಗಳನ್ನು ಪೆಟ್ಟಿಗೆಗೆ ಇಳಿಬಿಟ್ಟಳು. ತನ್ನ ಓಟನ್ನೂ ಹಾಕಿ ಹೊರಗೆ ಬಂದ ಮೇಲೆ ಶೇಷಾದ್ರಿ, "ಯಾರಿಗೆ ಹಾಕ್ದೆ?" ಎಂದ.

"ನಿಮಗ್ಯಾಕೆ," ಎಂದಳು ಪಾರ್ವತಿ. ಅಂದು ಅವಳು ನಕ್ಕದ್ದು ಆಗಲೇ.

ಶೋಭನಾ ಮಾತ್ರ ನಗಲಿಲ್ಲ. ಮನೆಗೆ ಬಂದ ಮೇಲೂ ಫೋನು ಕೆಳಗಿಡಲಿಲ್ಲ. ಎಂಟು ಹೊಡೆದು ತುಸು ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. "ಮೇಡಂ, ನಾನು ಇರಾ, ಉಮೆಯೊದಿಂದ. ಆ ಚಿತ್ರ ನಂಬಿ ನಾನೂ ಅಮ್ಮನೂ ಹೋಗ್ಲಿಲ್ಲ. ನಿಮ್ಮ ಮೆಸೇಜ್ ಈಗ ಬಂತು. ಮುಚ್ಚಿಬಿಟ್ಟಿದೆ. ಇನ್ನು ಯಾವಾಗ?"

ಇನ್ನು ನಾಲ್ಕು ವರ್ಷ ಎಂದು ಬರೆಯಲು ಶೋಭನಾಗೆ ಕೈ ಬರಲಿಲ್ಲ. ಆದರೂ ಬರೆದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೆ ಓಟಿನ ಕಾರ್ಡ್ ಬಂದರೆ ಅದರಲ್ಲಿ ಯಾರ ಹೆಸರಿದೆಯೋ ಅವರ ಕೈಗೇ ಕೊಡಿ. ಯಾವ ಚುನಾವಣೆಗೆ ಹಕ್ಕಿದೆ ಎಂಬುದನ್ನು ಅದರಲ್ಲೇ ಓದಿಕೊಳ್ಳಿ. ಸಂಶಯ ಬಂದರೆ ಗ್ರೂಪನ್ನು ಬಿಟ್ಟು ಚುನಾವಣಾ ಪ್ರಾಧಿಕಾರವನ್ನೋ ನಿಮ್ಮ ಕೊಮ್ಮೂನನ್ನೋ ಕೇಳಿ. ನಗು ತರಿಸುವ ಚಿತ್ರ ಬಂದರೆ ಧಾರಾಳವಾಗಿ ನಗಿ, ಮುಂದಕ್ಕೆ ಕಳಿಸುವ ಮೊದಲು ಅದನ್ನು ನೋಡಿ ಹೆದರುವವರು ಯಾರು ಎಂದು ಒಂದು ಗಳಿಗೆ ಯೋಚಿಸಿ. ಯಾರಾದರೂ ನಿಮ್ಮೆದುರು ಹೆದರಿ ಒಂದು ಪ್ರಶ್ನೆ ಕೇಳಿದರೆ ಅಂದೇ ಉತ್ತರ ಹುಡುಕಿಕೊಡಿ, ಮತಗಟ್ಟೆ ತೆರೆದಿರುವಾಗಲೇ.