ಎಡಸುತ್ತಿನ ಚಂದ್ರಿಕೆ

ಗಂಗುಲಮ್ಮ ಹೆಣೆದ ಬಿದಿರು ಮಂಕರಿಯಲ್ಲಿ ನೀರು ತುಂಬಿಕೊಂಡು ಶಿಡ್ಲಘಟ್ಟದಿಂದ ಹೊರಟರೆ ಚಿಂತಾಮಣಿ ಮುಟ್ಟುವವರೆಗೆ ಒಂದು ತೊಟ್ಟೂ ಸೋರುತ್ತಿರಲಿಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳಬೇಕು. ಕೆರೆ ಏರಿ ದಾಟುವಷ್ಟರಲ್ಲಿ ಮಂಕರಿ ಖಾಲಿ. ಆದರೆ ಅವಳ ಚಂದ್ರಿಕೆಯ ವಿಚಾರದಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ.

ಹಣ್ಣಾದ ರೇಷ್ಮೆಹುಳಕ್ಕೆ ಗೂಡು ಕಟ್ಟಲು ಒಂದು ಮನೆ ಬೇಕಲ್ಲ, ಅದೇ ಚಂದ್ರಿಕೆ. ಆಳೆತ್ತರದ ಬಿದಿರು ಚಾಪೆ, ಅದರ ಮೇಲೆ ಚಕ್ಕುಲಿಯ ಹಾಗೆ ಸುತ್ತಿ ನಿಲ್ಲಿಸಿದ ಬಿದಿರು ಪಟ್ಟಿ. ಸುತ್ತು ಸಡಿಲವಾದರೆ ಎರಡು ಹುಳ ಒಂದೇ ಗೂಡಿನಲ್ಲಿ ಸೇರಿಕೊಳ್ಳುತ್ತವೆ. ಅಂಥ ಜೋಡಿ ಗೂಡಿನಿಂದ ನೂಲು ಬಿಚ್ಚುವುದು ಬ್ರಹ್ಮನಿಗೂ ಆಗದು. ಊರಿನ ಮೇದರೆಲ್ಲ ಬಲಕ್ಕೆ ಸುತ್ತುವವರು. ಗಂಗುಲಮ್ಮ ಮಾತ್ರ ಗೌರಿಬಿದನೂರಿನ ತವರಿನಿಂದ ಎಡಸುತ್ತು ತಂದಿದ್ದಳು. ಸುತ್ತು ನೋಡಿದರೆ ಸಾಕು, ಕೈ ಯಾರದೆಂದು ರೈತರು ಹೇಳುತ್ತಿದ್ದರು.

ನಯಾಪೈಸೆ ಹೊಸದಾಗಿ ಬಂದು ಸಂತೆಯಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದ ವರ್ಷ, ಪಕ್ಕದ ಮನೆಯ ನೂಲು ತೆಗೆಯುವ ಒಲೆಯಿಂದ ಹಾರಿದ ಕಿಡಿ ಅವಳ ಕೆಲಸದ ಚಪ್ಪರವನ್ನು ನುಂಗಿತು. ಒಣಬಿದಿರು ಸಿಡಿದ ಸದ್ದು ನಂದಿಬೆಟ್ಟಕ್ಕೂ ಕೇಳಿಸಿತಂತೆ. ಉಳಿದದ್ದು ಮಚ್ಚಿನ ಅಲಗು ಮಾತ್ರ.

ಗಂಡನಿಲ್ಲದ ಗಂಗುಲಮ್ಮ ಅದಕ್ಕೊಂದು ಹೊಸ ಹಿಡಿ ಹಾಕಿಸಿ, ಓರಗಿತ್ತಿ ರಾಮಲಕ್ಷ್ಮಮ್ಮನ ಚಪ್ಪರಕ್ಕೆ ಬಂದಳು.

"ಕೂತ್ಕೊಳೇ ಗಂಗುಲು, ಜಾಗಕ್ಕೇನು ಬರ? ಆ ಕಂಬದಿಂದ ಈಚೆಗೆ ಮಾತ್ರ ಕಾಲು ಚಾಚ್ಬೇಡ."

ಆ ಮಾತು ಸಿಬಿರಿನ ಹಾಗೆ ಎದೆಯಲ್ಲಿ ಮುರಿದುಕೊಂಡಿತು. ಚಪ್ಪರ ಸುಟ್ಟ ಬೆಂಕಿ ಆರಿತ್ತು, ಹೊಟ್ಟೆಯದು ಹೊತ್ತಿಕೊಂಡಿತು. ಓರಗಿತ್ತಿಯ ಸೂರು, ಅವಳ ಬಿಸಿಲಂಗಳ, ಬಾಗಿಲಿಗೆ ಬರುವ ಗಾಡಿಗಳು, ಎಲ್ಲ ಕಂಡರೂ ಉರಿ. ಅವಳ ಕೋಳಿ ಮೊಟ್ಟೆ ಇಟ್ಟು ಕೂಗಿದರೂ ಗಂಗುಲಮ್ಮನಿಗೆ ಅಣಕಿಸಿದಂತೆ ಕೇಳುತ್ತಿತ್ತು. ತನ್ನದೇ ಒಂದು ಸೂರು, ಅದರಡಿ ತನ್ನ ಕೈಯನ್ನೇ ಹುಡುಕಿಕೊಂಡು ಬರುವ ಜನ. ಬೇಕಾದದ್ದು ಅಷ್ಟೇ.

ಅಷ್ಟರಲ್ಲಿ ಜಂಗಮಕೋಟೆಯ ಹುಳ ಸಾಕುವ ಗೌಡ ಮುನಿವೆಂಕಟಪ್ಪ ಒಂದು ಗಾಡಿ ಚಂದ್ರಿಕೆ ಬೇಕೆಂದು ರಾಮಲಕ್ಷ್ಮಮ್ಮನಿಗೆ ಹೇಳಿಹೋದ.

"ಅರ್ಧ ನೀನು ಹಾಕೇ," ಎಂದಳು ರಾಮಲಕ್ಷ್ಮಮ್ಮ.

"ಆಗ್ಲಿ ಅಕ್ಕಾ," ಎಂದ ಗಂಗುಲಮ್ಮನ ಬಾಯಲ್ಲಿ ಬೆಲ್ಲ, ಕೈಯಲ್ಲಿ ಬೇವು. ಒಂದೊಂದನ್ನೂ ಬೇಕೆಂದೇ ಬಲಕ್ಕೆ ಸುತ್ತಿದಳು, ಬೇಕೆಂದೇ ಕಟ್ಟು ಸಡಿಲ ಬಿಟ್ಟಳು. ಈ ಚಪ್ಪರದಲ್ಲಿ ಬಲಸುತ್ತು ಅಂದರೆ ರಾಮಲಕ್ಷ್ಮಮ್ಮ. ಬೈಗುಳ ಬಂದರೆ ಆ ಬಾಗಿಲಿಗೇ ಬರಲಿ!

ರಾಮಲಕ್ಷ್ಮಮ್ಮ ಏನು ಮಾಡುತ್ತಿದ್ದಾಳೆಂದು ನೋಡುವ ಪುರುಸೊತ್ತು ಅವಳಿಗಿರಲಿಲ್ಲ. ತಾನು ನೀರು ಹೊತ್ತು ಬಂದಾಗಲೆಲ್ಲ ಓರಗಿತ್ತಿ ಕೆಲಸದ ಮೇಲೆ ಗೋಣಿತಟ್ಟು ಎಳೆಯುತ್ತಿದ್ದಳು. ಜಿಪುಣಿ, ಬಿದಿರು ಬಚ್ಚಿಡ್ತಾಳೆ ಅಂದುಕೊಂಡಳು.

ಗಾಡಿ ಹೋಯಿತು. ಹುಳ ಹಣ್ಣಾಯಿತು, ಗೂಡು ಬಿಡಿಸಿಯೂ ಆಯಿತು. ಒಂದು ಬೆಳಗ್ಗೆ ಮುನಿವೆಂಕಟಪ್ಪ ಹೊಸಿಲಿನಿಂದಲೇ ಗುಡುಗಿದ.

"ಏನಮ್ಮಾ ರಾಮಲಕ್ಷ್ಮಮ್ಮಾ, ನಿನ್ ಕೈಗೇನಾಯ್ತು? ಬಲಸುತ್ತಿನ ತುಂಬಾ ಬರೀ ಜೋಡಿ ಗೂಡು!"

ಗಂಗುಲಮ್ಮನ ಹೊಟ್ಟೆ ಎಳನೀರು ಕುಡಿದಂತೆ ತಣ್ಣಗಾಯಿತು. ಅರ್ಧ ಗಳಿಗೆ ಮಾತ್ರ.

"ಗಂಗುಲಮ್ಮನ್ ಎಡಸುತ್ತು ನೋಡು! ಗೂಡು ಅಂದ್ರೆ ಮಲ್ಲಿಗೆ ಮೊಗ್ಗು ಕಣಮ್ಮ. ಅಂಥದ್ದು ನಾನು ಹುಟ್ಟಿದಾಗಿನಿಂದ ಕಂಡಿಲ್ಲ."

ಎಡಸುತ್ತು? ಈ ಸಲ ಅವಳು ಒಂದೇ ಒಂದು ಎಡಸುತ್ತನ್ನೂ ಹಾಕಿರಲಿಲ್ಲ. ರಾಮಲಕ್ಷ್ಮಮ್ಮನತ್ತ ತಿರುಗಿದಳು. ರಾಮಲಕ್ಷ್ಮಮ್ಮ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಅವಳು ಒಂದೇ ಒಂದು ಬಲಸುತ್ತನ್ನೂ ಹಾಕಿರಲಿಲ್ಲ. ಗೋಣಿತಟ್ಟಿನ ಕೆಳಗೆ ಅವಿತಿದ್ದದ್ದು ಬಿದಿರಲ್ಲ, ಹೊಟ್ಟೆಕಿಚ್ಚು. ಸೂರಿದ್ದವಳು ಸೂರಿಲ್ಲದವಳ ಕೈ ಕಂಡು ಉರಿದು, ಕದ್ದು ಕಲಿತಿದ್ದಳು.

"ನಮ್ಮ ಹುಳದ ಮನೆ ಪಕ್ಕ ಚಪ್ಪರ ಹಾಕಿಸ್ಕೊಡ್ತೀನಿ, ಬಂದ್ಬಿಡಮ್ಮಾ ಗಂಗುಲಮ್ಮಾ. ನಿಂದೇ ಅಂತ ಇಟ್ಕೋ," ಎಂದ ಮುನಿವೆಂಕಟಪ್ಪ.

ಬೇಡಿದ ವರ ಬಾಗಿಲಿಗೇ ಬಂದಿತ್ತು, ಬಂದದ್ದು ಮಾತ್ರ ಓರಗಿತ್ತಿಯ ಕೈಯಿಂದ. ನಿಜ ಹೇಳಿದರೆ ಚಪ್ಪರವೂ ಹೋಯಿತು, ಮಾನವೂ ಹೋಯಿತು. ರಾಮಲಕ್ಷ್ಮಮ್ಮನಾದರೂ ಬಾಯಿ ಬಿಡುವಳೇ? ಬಿಟ್ಟರೆ ಕದ್ದು ಕಲಿತದ್ದು ಬಯಲಾಗುತ್ತದೆ. ಅದೆಲ್ಲಕ್ಕಿಂತ ದೊಡ್ಡ ಮುಳ್ಳು ಬೇರೆ ಇತ್ತು. ತನ್ನ ತವರಿನ ಸುತ್ತು ಈ ಮುದುಕಿಯ ಕೈಯಲ್ಲಿ ತನಗಿಂತ ಚೆನ್ನಾಗಿ ಬಂದುಬಿಟ್ಟಿತೇ?

"ಬರ್ತೀನಿ ಗೌಡ್ರೇ. ಅಕ್ಕನ್ನೂ ಕರ್ಕೊಂಡೇ ಬರ್ತೀನಿ."

"ಅವಳ್ಯಾಕಮ್ಮಾ?"

"ಕಣ್ಣೆದುರಿಗೇ ಬಿದ್ದಿರ್ಲಿ ಅಂತ."

"ನಾನೂ ಅದಕ್ಕೇ ಬರೋದು ಕಣೇ, ನಿನ್ ಮೇಲೆ ಕಣ್ಣಿಡೋಕೆ," ಎಂದಳು ರಾಮಲಕ್ಷ್ಮಮ್ಮ, ಆಗಲೇ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಜಂಗಮಕೋಟೆಯಲ್ಲಿ ಚಪ್ಪರ ಎದ್ದಿತು. ಗಂಗುಲಮ್ಮ ಮೊದಲ ದಿನವೇ ಒಂದು ಕಂಬ ತೋರಿಸಿ, "ಇದ್ರಿಂದ ಈಚೆಗೆ ಕಾಲು ಚಾಚ್ಬೇಡಕ್ಕಾ," ಎಂದಳು. ಸಾಲದೆಂದು ಇಬ್ಬರೂ ಸೇರಿ ನಡುವೆ ಬಿದಿರು ತಡಿಕೆ ಹೆಣೆದು ನಿಲ್ಲಿಸಿದರು, ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬಾರದಲ್ಲ! ಇರುವೆಯೂ ನುಸುಳದಂಥ ತಡಿಕೆ ಅದು. ವಾರ ಕಳೆಯುವುದರೊಳಗೆ ಅದರಲ್ಲಿ ಕಣ್ಣಿಟ್ಟು ನೋಡುವಷ್ಟು ಒಂದು ತೂತು ಬಿದ್ದಿತ್ತು.

ಕೊರೆದವರು ಯಾವ ಕಡೆಯವರು? ಎಲ್ಲವನ್ನೂ ನಾವೇ ಹೇಳಿದರೆ ನಿಮಗೇನು ಕೆಲಸ? ನೀವೇ ಹೇಳಿ, ನೋಡೋಣ.