ಸೊನ್ನೆಗಿಂತ ಕೆಳಗೆ

ನನ್ನ ಅಣ್ಣ ಎಮಿಲ್ ಅಡುಗೆಮನೆಗೆ ಬಂದವನೇ ಎದೆ ತಟ್ಟಿಕೊಂಡ. “ಕೇಳೇ ಮಾರ್ಲೀನ್, ನಿಮ್ಮ ಮಿಷನ್ನು ನಂಗೆ ಹದಿನೆಂಟು ಅಂಕ ಏರ್ಸಿದೆ. ಹೋದ ವರ್ಷಕ್ಕಿಂತ ಉಸಿರು ಜಾಸ್ತಿಯಂತೆ!” ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದ.

“ಹೊಗೆ ಕುಡಿದೂ ಕುಡಿದೂ ಕೊಬ್ಬಿದ್ದೀಯ ಬಿಡು,” ಎಂದು ನನ್ನ ಗಂಡ ಫ್ರ್ಯಾಂಕ್ ಕೆಣಕಿದ.

ಇಬ್ಬರೂ ಮನಾಂಗಹೀಲಾ ನದಿಯ ದಂಡೆಯಲ್ಲಿ ಕಲ್ಲಿದ್ದಲಿನಿಂದ ಕೋಕ್ ಮಾಡುವ ಕಾರ್ಖಾನೆಯವರು. ಫ್ರ್ಯಾಂಕ್ ಕೆಳಗೆ ಹಳಿಗಳ ಹತ್ತಿರ, ಎಮಿಲ್ ಕಲ್ಲಿದ್ದಲು ಬೇಯುವ ಕುಲುಮೆಗಳ ಚಾವಣಿಯ ಮೇಲೆ. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ವರ್ಷಕ್ಕೊಮ್ಮೆ ಎಲ್ಲರ ಉಸಿರು ಅಳೆದು, ಹಿಂದಿನ ವರ್ಷಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕಂಪ್ಯೂಟರಿನಿಂದ ಪಟ್ಟಿ ತೆಗೆಯುತ್ತಿದ್ದರು. ಅದನ್ನು ನೋಡಿ ಉಸಿರು ಗಟ್ಟಿಯಿದ್ದವರನ್ನೇ ಮೇಸ್ತ್ರಿ ಅಲ್ಲಿಗೆ ಹತ್ತಿಸುತ್ತಿದ್ದ. ವರ್ಷದಲ್ಲಿ ಹದಿನೈದು ಅಂಕ ಇಳಿದವನನ್ನು ಕೆಳಗಿಳಿಸಲೇಬೇಕೆಂದು ಯೂನಿಯನ್ನಿನವರು ಜಗಳವಾಡಿ ಬರೆಸಿಕೊಂಡಿದ್ದರು. ಈ ಸಲದ ಪಟ್ಟಿಯಲ್ಲಿ ಇಳಿದವರು ಒಬ್ಬರೂ ಇರಲಿಲ್ಲ. ಮ್ಯಾನೇಜರ್ ಖುಷಿಯಿಂದ ಡೋನಟ್ ಹಂಚಿದ್ದ.

ನಾನು ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವಳು. ಎಮಿಲ್‌ನ ಕೆಮ್ಮು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಮರುದಿನ ಆ ಪಟ್ಟಿ ಮಾಡುವ ಹೊಸ ಪ್ರೋಗ್ರಾಂ ತೆಗೆದು ನೋಡಿದೆ. ನನ್ನ ಜೊತೆಯ ವರ್ನನ್ ಅದನ್ನು ಪಿಎಲ್ ಒನ್ ಎಂಬ ಕಂಪ್ಯೂಟರ್ ಭಾಷೆಯಿಂದ ಕೋಬಾಲ್ ಎಂಬ ಇನ್ನೊಂದು ಭಾಷೆಗೆ ತಂದಿದ್ದ. ಮೊದಲಿನದರಲ್ಲಿ ಅಂಕಿಗೆ ಜಾಗ ಕೊಟ್ಟರೆ ಸಾಕು, ಮೈನಸ್ ಚಿಹ್ನೆಯೂ ಅದರಲ್ಲೇ ಸೇರಿಕೊಳ್ಳುತ್ತದೆ. ಕೋಬಾಲ್‌ಗಾದರೆ ‘ಚಿಹ್ನೆ ಬರಬಹುದು’ ಎಂದು ನಾವೇ ತಿಳಿಸಬೇಕು. ಇಲ್ಲದಿದ್ದರೆ ಚಿಹ್ನೆಯನ್ನು ಸದ್ದಿಲ್ಲದೆ ಬಿಟ್ಟು ಅಂಕಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ವರ್ನನ್ ತಿಳಿಸಿರಲಿಲ್ಲ. ಹದಿನೆಂಟು ಇಳಿದದ್ದು ಹದಿನೆಂಟು ಏರಿದಂತಾಗಿತ್ತು. ಯಾರ ಎದೆ ಹೆಚ್ಚು ಕೆಟ್ಟಿತ್ತೋ ಅವರೇ ಪಟ್ಟಿಯ ಮೇಲ್ತುದಿಯಲ್ಲಿದ್ದರು, ಅವರನ್ನೇ ಚಾವಣಿಗೆ ಹತ್ತಿಸಿದ್ದರು.

ವರ್ನನ್‌ನನ್ನು ಕರೆದು ತೋರಿಸಿದೆ. “ನಾನು ಮೊದಲಿಂದ್ಲೂ ಸಂಬಳದ ಪ್ರೋಗ್ರಾಂ ಬರ್ದೋನು ಕಣಮ್ಮ. ಯಾರ ಸಂಬಳ ಸೊನ್ನೆಗಿಂತ ಕೆಳಗೆ ಹೋಗುತ್ತೆ ಹೇಳು? ಅದೇ ಅಭ್ಯಾಸದಲ್ಲಿ ಬರ್ದುಬಿಟ್ಟೆ.”

“ನಿನ್ನ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ!” ಎಂದೆ. ಅವನನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟು ಬಂದಿತ್ತು. ಆದರೂ ಜೊತೆಗೇ ಕೂತು ಸರಿಮಾಡಿ, ಹೊಸ ಪಟ್ಟಿ ತೆಗೆಸಿ, ನಾನೇ ಒಯ್ದು ಮೇಸ್ತ್ರಿಯ ಕೈಗೆ ಕೊಟ್ಟೆ.

ಎಮಿಲ್‌ನನ್ನು ಆ ವಾರವೇ ಇಳಿಸಿದರು. ಹೋದ ಉಸಿರು ಮರಳಿ ಬರುವುದಿಲ್ಲವೆಂದು ಡಾಕ್ಟರು ಮುಖಕ್ಕೇ ಹೇಳಿದರು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಆದರೂ ಜೀವ ಉಳಿಯಿತಲ್ಲ ಎಂದು ಅವನನ್ನು ಊಟಕ್ಕೆ ಕರೆದು, ಅವನಿಗಿಷ್ಟವಾದ ಎಲೆಕೋಸಿನ ಹಲುಶ್ಕಿ ಮಾಡಿದೆ.

ಬಡಿಸುತ್ತಿರುವಾಗ ಫ್ರ್ಯಾಂಕ್ ಬಂದ. ರೆಪ್ಪೆಯವರೆಗೂ ಮಸಿ. ಕೈಯಲ್ಲಿ ಮರದ ಅಟ್ಟೆಯ ಬೂಟುಗಳಿದ್ದವು. ಚಾವಣಿಯವರಿಗೆ ಮಾತ್ರ ಅವನ್ನು ಕೊಡುತ್ತಾರೆ. ರಬ್ಬರಿನದಾದರೆ ಆ ಕಾವಿಗೆ ಕರಗಿಹೋಗುತ್ತದೆ.

“ಎಮಿಲ್ ಜಾಗ ಖಾಲಿಯಾಯ್ತಲ್ಲ,” ಎಂದ ಫ್ರ್ಯಾಂಕ್, ನನ್ನ ಕಡೆ ನೋಡದೆ. “ಹೊಸ ಪಟ್ಟೀಲಿ ಒಂದಂಕನೂ ಇಳಿಯದೋನು ನಾನೊಬ್ನೇ ಅಂತೆ.”

ಎಮಿಲ್ ಚಮಚ ಕೆಳಗಿಟ್ಟ. “ಪಟ್ಟಿ ಸರಿಯಿದೆಯೇನೇ, ಮಾರ್ಲೀನ್?”

“ಸರಿಯಿದೆ,” ಎಂದೆ.